ಅಳಿಸುವ ಹಲಗೆ, ಉಳಿಸುವ ಹೊತ್ತಗೆ: ಚಾಮರಾಜನಗರ-ಗುಂಡ್ಲುಪೇಟೆಯ ಸೀಮೆಯಲ್ಲಿ ಮಕ್ಕಳ ಬರಹದ ವಿಚಾರ

ಕನ್ನಡ ನಾಡಿನ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆದವರು ಗುರುಗಳನ್ನೂ ಮಠಗಳನ್ನೂ ದಾನಶಾಸನಗಳನ್ನೂ ಪಠ್ಯಗ್ರಂಥಗಳನ್ನೂ ಕುರಿತು ವಿಸ್ತಾರವಾಗಿ ವಿಚಾರಮಾಡಿರುವರು. ಆದರೆ ವಿದ್ಯೆ ಕಲಿತ ಮಗುವಿನ ಕೈಯಿಂದ ಹೊರಟ ಬರಹವು ಏನಾಯಿತೆಂದು ಕೇಳಿದವರು ವಿರಳ. ಅದಕ್ಕೆ ಕಾರಣವು ಸ್ಪಷ್ಟವಾಗಿಯೇ ಇದೆ. ಅರಸರ ಬರಹವು ಕಲ್ಲಿನಲ್ಲಿಯೂ ತಾಮ್ರದಲ್ಲಿಯೂ ನಿಂತಿತು. ಕವಿಗಳ ಬರಹವು ಓಲೆಯಲ್ಲಿ ನಿಂತಿತು. ಮಕ್ಕಳ ಬರಹವಾದರೋ ಮರಳಿನಲ್ಲಿಯೂ ಹಲಗೆಯಲ್ಲಿಯೂ ಹುಟ್ಟಿ ಅಂದಂದೇ ಅಳಿದುಹೋಯಿತು. ಅಳಿದುದಕ್ಕೆ ಚರಿತ್ರೆಯಿಲ್ಲವೆಂದು ಸುಮ್ಮನಾಗುವುದು ಸುಲಭ. ಆದರೆ ಅದು ಏಕೆ ಅಳಿಯಿತೆಂಬುದಕ್ಕೆ ಒಂದು ಚರಿತ್ರೆಯುಂಟು.

ಎಳೆಯ ಮಕ್ಕಳು ತಾವೇ ಪುಟ್ಟ ಪುಸ್ತಕಗಳನ್ನು ಬರೆದು, ಚಿತ್ರಿಸಿ, ಹೊಲಿದು, ಜೊತೆಯ ಮಕ್ಕಳಿಗೆ ಓದಲು ಕೊಡುವಂತೆ ಅವರನ್ನು ಪ್ರೋತ್ಸಾಹಿಸಬೇಕೆಂಬ ಮತವು ಉಪಾಧ್ಯಾಯವರ್ಗದಲ್ಲಿ ಈಗ ಪ್ರಚಾರಕ್ಕೆ ಬಂದಿದೆ. ಹೊರನಾಡಿನಿಂದ ಬಂದ ಹೊಸ ಪದ್ಧತಿಯೆಂದು ಇದನ್ನು ಕೆಲವರು ಮೆಚ್ಚುವರು. ಅದೇ ಕಾರಣದಿಂದಲೇ ಕೆಲವರು ಶಂಕಿಸುವರು. ಮೈಸೂರಿಗೆ ದಕ್ಷಿಣದಲ್ಲಿ, ಕಾಡಿನಂಚಿನಲ್ಲಿರುವ ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯನ್ನೂ ಅದಕ್ಕೆ ಹೊಂದಿರುವ ಯಳಂದೂರನ್ನೂ ಮುಂದಿಟ್ಟುಕೊಂಡು ನೋಡಿದರೆ, ಈ ವಿಚಾರದಲ್ಲಿ ಹಳೆಯದೆಷ್ಟು, ಹೊಸದೆಷ್ಟು ಎಂಬುದು ತಿಳಿಯಬರುತ್ತದೆ.

೧

ಈ ಸೀಮೆಯು ಅಕ್ಷರಕ್ಕೆ ಹೊಸದಲ್ಲ. ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯು ಕವಿಗಳ ಊರು. 'ಸನತ್ಕುಮಾರಚರಿತೆ'ಯನ್ನು ರಚಿಸಿದ ಬೊಮ್ಮರಸನು ಆ ಊರಿನವನು. ಚಾಮರಾಜನಗರದ ಬಳಿಯ ಹರದನಹಳ್ಳಿಯು ತೋಂಟದ ಸಿದ್ಧಲಿಂಗಯತಿಗಳ ಹುಟ್ಟೂರು. ಮಲೆಯೂರಿನ ಕನಕಗಿರಿಯಲ್ಲಿ ಬಾಳಿದ ದೇವಚಂದ್ರನು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ 'ರಾಜಾವಳೀಕಥೆ'ಯನ್ನು ಬರೆದನು. ಚಾಮರಾಜನಗರವೆಂಬ ಹೆಸರು ಮಾತ್ರ ಈಚಿನದು. ಅರಿಕುಠಾರವೆಂದು ಕರೆಯಿಸಿಕೊಳ್ಳುತ್ತಿದ್ದ ಊರಿಗೆ, ಅದು ತಮ್ಮ ತಂದೆ ಚಾಮರಾಜ ಒಡೆಯರ ಜನ್ಮಸ್ಥಳವಾದುದರಿಂದ, ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಆ ಹೆಸರನ್ನಿಟ್ಟರು. ಹೀಗೆ ಜೈನ, ವೀರಶೈವ, ಶ್ರೀವೈಷ್ಣವ ಸಂಪ್ರದಾಯಗಳು ಮೂರೂ ಇಲ್ಲಿ ಓಲೆಗಳನ್ನು ಬರೆದಿವೆ, ಬರೆಯಿಸಿವೆ.

ಇನ್ನೂ ಗಮನಿಸತಕ್ಕ ಸಂಗತಿಯೊಂದುಂಟು. ಗುಂಡ್ಲುಪೇಟೆಗೆ ಸಮೀಪದ ಹಂಗಳದಲ್ಲಿ ಚಿಕ್ಕದೇವರಾಜನು ಪಟ್ಟಕ್ಕೆ ಬರುವ ಮುನ್ನ ಬಹುಕಾಲ ವಾಸವಾಗಿದ್ದನು. ಅವನ ಆ ಕಾಲದ ಒಡನಾಡಿಗಳಲ್ಲಿ ಯಳಂದೂರಿನ ಜೈನಪಂಡಿತ ವಿಶಾಲಾಕ್ಷನೂ ತಿರುಮಲಾರ್ಯನೂ ಮುಖ್ಯರು. 1673ರಲ್ಲಿ ಚಿಕ್ಕದೇವರಾಜನು ಸಿಂಹಾಸನವನ್ನೇರಿದ ಮೇಲೆ ಅವನ ಆಸ್ಥಾನದಿಂದ ಹೊರಟ ಕನ್ನಡ ಸಾಹಿತ್ಯದ ಹೊಳೆಗೆ ಒಂದು ಮೂಲವು ಹಂಗಳದ ಈ ಗೆಳೆತನದಲ್ಲಿ ಇದ್ದಿತೆನ್ನಬಹುದು. ಜೊತೆಗಾರರು ಕೇಳುತ್ತಾರೆಂಬ ಭರವಸೆಯಿದ್ದಲ್ಲಿ ಬರಹವು ಚಿಗುರುತ್ತದೆ.

ಅದೇ ಆಸ್ಥಾನದ ಸಂಚಿಯ ಹೊನ್ನಮ್ಮನ ಉದಾಹರಣೆಯು ಇದಕ್ಕಿಂತಲೂ ಹೆಚ್ಚು ಬೋಧಕವಾದುದು. ಯಳಂದೂರಿನ ಈ ಹೆಣ್ಣುಮಗಳು ಅರಸಿ ದೇವಾಜಮ್ಮಣ್ಣಿಯವರ ಬಳಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದವಳು. ಶಾಸ್ತ್ರಾಧ್ಯಯನಕ್ಕೆ ಅವಳ ಸ್ಥಾನದವರನ್ನು ಯಾರೂ ಕರೆಯುತ್ತಿರಲಿಲ್ಲ. ಆದರೂ ಅವಳಿಗೆ ಅಳಸಿಂಗರಾರ್ಯನ ಶಿಕ್ಷಣವೂ ಅರಮನೆಯ ಹಿರಿಯರ ಪ್ರೇರಣೆಯೂ ದೊರೆತು, 'ಹದಿಬದೆಯ ಧರ್ಮ'ವೆಂಬ ಸಾಂಗತ್ಯಕಾವ್ಯವು ಹುಟ್ಟಿತು. ಹೊನ್ನಮ್ಮನಲ್ಲಿ ಶಕ್ತಿಯಿದ್ದಿತು, ನಿಜ. ಆದರೆ ಆ ಶಕ್ತಿಯುಳ್ಳ ಎಷ್ಟು ಮಂದಿ ಊಳಿಗದ ಹೆಣ್ಣುಮಕ್ಕಳ ಮಾತು ಗಾಳಿಯಲ್ಲಿ ಹೋಗಿರಬಹುದೆಂಬುದನ್ನು ಎಣಿಸಿದರೆ, ಬರೆಯೆಂದು ಹೇಳಿದವರ ಮತ್ತು ಬರೆದುದನ್ನು ಓದಿದವರ ಪಾತ್ರವು ಎಷ್ಟು ದೊಡ್ಡದೆಂಬುದು ಮನಗಾಣುತ್ತದೆ. ಬರೆಯುವವರನ್ನು ಅವರ ಸ್ಥಾನದಿಂದ ಅಳೆಯಬಾರದೆಂಬ ಈ ನ್ಯಾಯವನ್ನು ವಯಸ್ಸಿಗೂ ಅನ್ವಯಿಸಬೇಕೇ ಎಂಬುದೇ ಮುಂದಿನ ವಿಚಾರ.

೨

ಸಾಮಾನ್ಯ ಮನೆಗಳ ಮಕ್ಕಳು ಅಕ್ಷರ ಕಲಿಯುತ್ತಿದ್ದುದು ಕೂಲಿಮಠಗಳಲ್ಲಿ. ಅಲ್ಲಿಯ ಕ್ರಮವನ್ನು ವಿವರವಾಗಿ ತಿಳಿಸುವ ಹಳೆಯ ಬರಹಗಳಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಎ.ಡಿ. ಕ್ಯಾಂಪ್‌ಬೆಲ್ಲನು 1823ರಲ್ಲಿ ಮದರಾಸಿನ ಸರ್ಕಾರಕ್ಕೆ ಕಳುಹಿಸಿದ ವರದಿಯು ಮುಖ್ಯವಾದುದು. ಆ ಜಿಲ್ಲೆಯಲ್ಲಿ ಆಗ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಅವರಲ್ಲಿ ಹೆಣ್ಣುಮಕ್ಕಳು 60 ಮಂದಿ ಮಾತ್ರ. ಮಗುವು ಮೊದಲು ಬೆರಳಿನಿಂದ ಮರಳಿನಲ್ಲಿ ಅಕ್ಷರವನ್ನು ತಿದ್ದುತ್ತಿದ್ದಿತು. ಅನಂತರ ಹಲಗೆಯ ಮೇಲೆ ಅಥವಾ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದಿತು. ಹಲಗೆಗೆ ಅನ್ನವನ್ನೂ ಇದ್ದಿಲಪುಡಿಯನ್ನೂ ಬಳಿದು ಕಪ್ಪುಮಾಡುತ್ತಿದ್ದರು. ಕಡತವೆಂಬುದು ಗಂಜಿ ಹಾಕಿ ಬಿರುಸುಮಾಡಿದ ಬಟ್ಟೆ. ಅದನ್ನು ಪುಸ್ತಕದಂತೆ ಮಡಿಸಿ, ಇದ್ದಿಲು, ಅಂಟುಗಳ ಲೇಪವನ್ನು ಕೊಡುತ್ತಿದ್ದರು. ಬರೆದುದನ್ನು ಒದ್ದೆಯ ಬಟ್ಟೆಯಿಂದ ಒರಸಿದರೆ ಎರಡೂ ಮತ್ತೆ ಬರಹಕ್ಕೆ ಸಿದ್ಧವಾಗುತ್ತಿದ್ದವು.

ಮೈಸೂರು ಸೀಮೆಯ ಕಡತವನ್ನು ಮಾರ್ಕ್ ವಿಲ್ಕ್ಸನು 1810ರಲ್ಲಿ ಪ್ರಕಟವಾಗತೊಡಗಿದ ತನ್ನ ಚರಿತ್ರೆಯ ಪೀಠಿಕೆಯಲ್ಲಿ ವರ್ಣಿಸಿರುವನು. ಅದು 8 ಅಂಗುಲದಿಂದ 1 ಅಡಿಯವರೆಗೆ ಅಗಲ, 12ರಿಂದ 18 ಅಡಿಯವರೆಗೆ ಉದ್ದವಿರುತ್ತಿದ್ದಿತು. ಕತ್ತರಿಸದೆ ಸಮನಾಗಿ ಮಡಿಸಿದ ಆ ಬಟ್ಟೆಯ ಎರಡು ಕೊನೆಗಳಿಗೂ ಬಣ್ಣ ಬಳಿದ ಮರದ ಪಟ್ಟಿಗಳನ್ನು ಜೋಡಿಸಿ ಪುಸ್ತಕದ ರೂಪವನ್ನು ಕೊಡುತ್ತಿದ್ದರು. ವಿಲ್ಕ್ಸನು ಹೇಳುವುದು ವರ್ತಕರ ಮತ್ತು ಸರ್ಕಾರದ ಲೆಕ್ಕಪತ್ರಗಳ ಕಡತವನ್ನು. ಕ್ಯಾಂಪ್‌ಬೆಲ್ಲನು ಹೇಳುವುದು ಶಾಲೆಯ ಕಡತವನ್ನು. ವಸ್ತು ಒಂದೇ ಆದುದರಿಂದ, ಚಾಮರಾಜನಗರದ ಸೀಮೆಯ ಕೂಲಿಮಠಗಳಲ್ಲಿಯೂ ಇದೇ ಕ್ರಮವು ನಡೆಯುತ್ತಿದ್ದಿತೆಂದು ಊಹಿಸಲು ಅಡ್ಡಿಯಿಲ್ಲ.

ಇದರಿಂದ ತಿಳಿಯುವುದೇನು? ಹಳೆಯ ಶಾಲೆಯಲ್ಲಿ ಮಗುವಿನ ಮೊದಲನೆಯ ಪುಸ್ತಕವು ಅದರ ಕೈಬರಹದ ಪುಸ್ತಕವೇ ಆಗಿದ್ದಿತು. ಅಚ್ಚಾದ ಪುಸ್ತಕವನ್ನು ಕೊಂಡುತಂದು ಓದುವ ಕ್ರಮವಿಲ್ಲದಿದ್ದುದರಿಂದ, ಓದಬೇಕಾದುದನ್ನು ಮಗುವೇ ಬರೆದುಕೊಳ್ಳಬೇಕಾಗಿದ್ದಿತು. ಬರೆದ ಮೇಲೆ ಓದು, ಓದಿದ ಮೇಲೆ ಬಾಯಿಪಾಠ, ಇದು ಕ್ರಮ. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುತ್ತಿದ್ದರು. ಈ ಪದ್ಧತಿಯನ್ನೂ ಮರಳಬರಹವನ್ನೂ ದಕ್ಷಿಣದ ಶಾಲೆಗಳಲ್ಲಿ ಕಂಡು, ಮದರಾಸಿನ ಅನಾಥಾಲಯದಲ್ಲಿ ಪ್ರಯೋಗಿಸಿದ ಆಂಡ್ರೂ ಬೆಲ್ಲನು 1797ರಲ್ಲಿ ಇಂಗ್ಲೆಂಡಿನಲ್ಲಿ ಅದನ್ನು ಕುರಿತು ವರದಿಯನ್ನು ಪ್ರಕಟಿಸಿದನು. ಅಲ್ಲಿಯ ಬಡವರ ಶಾಲೆಗಳಲ್ಲಿ ಅದು 'ಮದರಾಸು ಪದ್ಧತಿ'ಯೆಂದು ಹರಡಿತು. ಕಲಿತುದನ್ನು ಊರಿನೊಡನೆ ಹಂಚಿಕೊಳ್ಳುವ ವಾಡಿಕೆಯೂ ಇಲ್ಲದಿರಲಿಲ್ಲ. ಮಹಾನವಮಿಯ ಕಾಲದಲ್ಲಿ ಮಠದ ಮಕ್ಕಳು ಉಪಾಧ್ಯಾಯರೊಡನೆ ಮನೆಮನೆಗೂ ಹೋಗಿ ಚೌಪದಗಳನ್ನು ಹೇಳಿ, ಗುರುಗಳಿಗೆ ಕಾಣಿಕೆಯನ್ನು ತರುತ್ತಿದ್ದರು.

ಆದರೆ ಎರಡು ಕೊರತೆಗಳು ಇದ್ದವು. ಕೈ ಮಗುವಿನದು, ಮಾತು ಮಾತ್ರ ಇನ್ನೊಬ್ಬರದು. ಮಕ್ಕಳು ಉರುಹೊಡೆಯುತ್ತಿದ್ದ ಪದ್ಯಗಳ ಭಾಷೆಯು ಅವರು ಆಡುವ ಭಾಷೆಗೆ ಬಹುದೂರವಾಗಿದ್ದು, ಅರ್ಥವು ಎಷ್ಟೋ ವೇಳೆ ಕಲಿಸುವವರಿಗೂ ತಿಳಿಯದೆಂದು ಕ್ಯಾಂಪ್‌ಬೆಲ್ಲನೇ ಆಕ್ಷೇಪಿಸಿರುವನು. ಎರಡನೆಯದಾಗಿ, ಬರೆದುದೆಲ್ಲವೂ ಅಳಿಸುವುದಕ್ಕಾಗಿಯೇ ಬರೆದುದು. ಇದಕ್ಕೆ ತಿರಸ್ಕಾರವು ಕಾರಣವಲ್ಲ, ಮಿತವ್ಯಯವು ಕಾರಣ. ಕಾಗದವು ದುಬಾರಿ, ಓಲೆಯನ್ನು ಹದಮಾಡುವುದು ಶ್ರಮದ ಕೆಲಸ, ಕಬ್ಬಿಣದ ಕಂಠದಿಂದ ಅದರ ಮೇಲೆ ಕೊರೆಯುವುದು ಎಳೆಯ ಬೆರಳಿಗೆ ಕಷ್ಟ. ಬೆಲೆಯುಳ್ಳ ವಸ್ತುವಿನ ಮೇಲೆ ಬೆಲೆಯುಳ್ಳ ಮಾತನ್ನೇ ಬರೆಯಬೇಕೆಂಬುದು ಆ ಕಾಲದ ನ್ಯಾಯ. ಮಗುವಿನ ಮಾತಿಗೆ ಓಲೆಯು ದೊರೆಯಲಿಲ್ಲ.

೩

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಥಿತಿಯು ಬದಲಾಯಿತು. ಮೈಸೂರಿನಲ್ಲಿ 1857ರಲ್ಲಿ ವಿದ್ಯಾಭ್ಯಾಸದ ಇಲಾಖೆಯು ಏರ್ಪಟ್ಟಿತು, 1868ರಲ್ಲಿ ಬಿ.ಎಲ್. ರೈಸರ ಯೋಜನೆಯಂತೆ ಹೋಬಳಿಗೊಂದು ಶಾಲೆಯನ್ನು ಸ್ಥಾಪಿಸುವ ಕಾರ್ಯವು ಮೊದಲಾಯಿತು. ಅಚ್ಚಿನ ಪಠ್ಯಪುಸ್ತಕವು ಹಳ್ಳಿಗೆ ಬಂದಿತು. ಇದರ ಲಾಭವನ್ನು ಅಲ್ಲಗಳೆಯಲಾಗದು. ಎಲ್ಲ ಜಾತಿಯ ಮಕ್ಕಳಿಗೂ ಒಂದೇ ಪಾಠವೆಂಬ ತತ್ವವು ಅಚ್ಚಿನಿಂದಲೇ ಸಾಧ್ಯವಾಯಿತು. ಪದ್ಯದ ಜೊತೆಗೆ ತಿಳಿಯುವ ಗದ್ಯವೂ ಬಂದಿತು. ಆದರೆ ಪುಸ್ತಕವೆಂದರೆ ದೂರದ ಪಟ್ಟಣದಲ್ಲಿ ದೊಡ್ಡವರು ಬರೆದು ಕಳುಹಿಸುವ ವಸ್ತುವೆಂಬ ಭಾವನೆಯೂ ಅಂದಿನಿಂದಲೇ ಬಲವಾಯಿತು. ಕಡತವು ಹೋಗಿ ಸ್ಲೇಟು ಬಂದಿತು. ಅಳಿಸುವ ವಾಡಿಕೆಯು ಮಾತ್ರ ಹಾಗೆಯೇ ಉಳಿಯಿತು.

ಕಾಲಕ್ರಮದಲ್ಲಿ ಕಾಗದವು ಅಗ್ಗವಾಗಿ, ಪ್ರತಿಯೊಂದು ಮಗುವಿನ ಚೀಲದಲ್ಲಿಯೂ ನೋಟುಪುಸ್ತಕಗಳು ತುಂಬಿದವು. ಅವುಗಳಲ್ಲಿ ಬಹುಮಟ್ಟಿಗೆ ಇರುವುದು ಹಲಗೆಯ ಮೇಲಿನ ಪ್ರಶ್ನೋತ್ತರಗಳ ನಕಲು. ವರ್ಷವು ಮುಗಿದ ಮೇಲೆ ಅವು ತೂಕಕ್ಕೆ ಮಾರಿಹೋಗುವುವು. ಒದ್ದೆಬಟ್ಟೆಯ ಕೆಲಸವನ್ನು ಹಳೆಯ ಕಾಗದದ ವ್ಯಾಪಾರಿಯು ಮಾಡುವನು. ಅಳಿಸುವುದಕ್ಕೆ ಇದ್ದ ಕಾರಣವು ಹೋಗಿ ಬಹುಕಾಲವಾಯಿತು, ಅಭ್ಯಾಸವು ಉಳಿದಿದೆ.

ಇಪ್ಪತ್ತನೆಯ ಶತಮಾನದಲ್ಲಿ ಕನ್ನಡದ ಹಿರಿಯರು ಮೊದಲನೆಯ ಕೊರತೆಯನ್ನು, ಎಂದರೆ ಮಗುವಿಗೆ ತನ್ನ ಮಾತಿನ ಪುಸ್ತಕವಿಲ್ಲದ ಕೊರತೆಯನ್ನು, ಕಂಡುಕೊಂಡರು. ಮಂಗಳೂರಿನ ಕಡೆ ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಕಥೆ, ಪದ್ಯಗಳನ್ನು ಬರೆದರು. ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನದಲ್ಲಿ ಆಟ, ನಾಟಕ, ಚಿತ್ರಗಳಿಂದ ಮಕ್ಕಳನ್ನು ಬೆಳಸಲೆಳಸಿದರು. ಈ ಸಾಲಿಗೆ ಗುಂಡ್ಲುಪೇಟೆಯನ್ನು ನೆನಪಿಸುವ ಹೆಸರೊಂದು ಸೇರಿದೆ. ಜಿ.ಪಿ. ರಾಜರತ್ನಂ ಅವರ ಹೆಸರಿನ ಮೊದಲ ಎರಡು ಅಕ್ಷರಗಳು 'ಗುಂಡ್ಲು ಪಂಡಿತ'ವೆಂಬ ವಂಶನಾಮವನ್ನು ಸೂಚಿಸುತ್ತವೆ. ಅವರು ಬೆಳೆದುದು ರಾಮನಗರದಲ್ಲಿ. ಎಂ.ಎ. ಪದವಿಯನ್ನು ಪಡೆದ ಮೇಲೆ ಅವರು ಜೀವನೋಪಾಯಕ್ಕಾಗಿ ತಂದೆಯವರ ಶಾಲೆಯಲ್ಲಿ ಎಳೆಯ ಮಕ್ಕಳಿಗೆ ಪಾಠಹೇಳಿದರು. ಆ ವಯಸ್ಸಿಗೆ ತಕ್ಕ ಕನ್ನಡ ಪದ್ಯಗಳು ಸಾಲದಿರುವುದನ್ನು ಅಲ್ಲಿ ಕಂಡು, ತಾವೇ ಬರೆಯತೊಡಗಿದರು. 'ತುತ್ತೂರಿ', 'ಕಡಲೆಪುರಿ', 'ಗುಲಗಂಜಿ'ಗಳು ಹುಟ್ಟಿದವು. ತಗಡಿನ ಆಟದ ಸಾಮಾನೂ ನಾಯಿಮರಿಯೊಡನೆ ಆಡುವ ಮಾತೂ ಪದ್ಯಕ್ಕೆ ಯೋಗ್ಯವಾದ ವಸ್ತುಗಳೆಂದು ಆ ಪುಸ್ತಕಗಳು ಸ್ಥಾಪಿಸಿದವು. 1978ರಲ್ಲಿ ದೆಹಲಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವು ಅವರಿಗೆ ಸಂದಿತು. ಮರುವರ್ಷ ಅವರು ತೀರಿಕೊಂಡರು.

ಆದರೂ ಇದು ಅರ್ಧದ ದಾರಿ. ಹಳೆಯ ಕಡತದಲ್ಲಿ ಕೈ ಮಗುವಿನದು, ಮಾತು ದೊಡ್ಡವರದು. ಶಿಶುಗೀತೆಯಲ್ಲಿ ಮಾತು ಮಗುವಿನದು, ಕೈ ದೊಡ್ಡವರದು. ಎರಡೂ ಮಗುವಿನದೇ ಆದ ಪುಸ್ತಕಕ್ಕೆ ಇನ್ನೂ ಸ್ಥಳವಾಗಬೇಕಾಗಿದ್ದಿತು. ವಯಸ್ಸಿನಲ್ಲಿ ಮುಂದಾದ ವಿದ್ಯಾರ್ಥಿಗಳಿಗೆ ಈ ಸ್ಥಳವು ಬೇಗನೆ ದೊರೆಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘವು 1919ರಲ್ಲಿ 'ಪ್ರಬುದ್ಧ ಕರ್ಣಾಟಕ'ವನ್ನು ಹೊರಡಿಸಿತು. ಮುಂದೆ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘವು ಚಿ. ಶ್ರೀನಿವಾಸರಾಜು ಅವರ ಕಾಲದಲ್ಲಿ ವಿದ್ಯಾರ್ಥಿಗಳ ಕವಿತೆಗಳನ್ನು ಪುಸ್ತಕಗಳಾಗಿ ಅಚ್ಚುಹಾಕಿಸಿತು. ಪ್ರೌಢರಿಗೆ ಹಿತವಾದ ಈ ಕ್ರಮವು ಎಳೆಯರಿಗೆ ಏಕೆ ಹಿತವಾಗಬಾರದೆಂಬ ಪ್ರಶ್ನೆಗೆ ಉತ್ತರಗಳು ಹೊರನಾಡುಗಳಲ್ಲಿ ಮೊದಲು ದೊರೆತವು.

೪

ರಷ್ಯಾ ದೇಶದ ಟಾಲ್‌ಸ್ಟಾಯ್ ಮಹಾಶಯನು ತನ್ನ ಹಳ್ಳಿಯಾದ ಯಾಸ್ನಾಯಾ ಪೊಲ್ಯಾನಾದಲ್ಲಿ ರೈತರ ಮಕ್ಕಳಿಗಾಗಿ ಶಾಲೆಯನ್ನು ನಡೆಸಿದನು. ಬರೆಯುವುದನ್ನು ಯಾರು ಯಾರಿಂದ ಕಲಿಯಬೇಕು, ರೈತರ ಮಕ್ಕಳು ನಮ್ಮಿಂದಲೋ, ನಾವು ಅವರಿಂದಲೋ ಎಂಬ ಅರ್ಥದ ತಲೆಬರಹವುಳ್ಳ ಲೇಖನವನ್ನು ಅವನು 1862ರಲ್ಲಿ ಪ್ರಕಟಿಸಿದನು. ಗಾದೆಯೊಂದನ್ನು ಆಧರಿಸಿ ತನ್ನೊಡನೆ ಕಥೆ ಕಟ್ಟಿದ ಹುಡುಗರ ವಿವೇಚನೆಯು ಅನೇಕ ಕಡೆ ತನ್ನದಕ್ಕಿಂತ ಮೇಲಾಗಿದ್ದಿತೆಂದು ಅದರಲ್ಲಿ ಒಪ್ಪಿಕೊಂಡಿರುವನು. ಆ ಕಥೆಯ ಹಸ್ತಪ್ರತಿಯು ಅವನಿಲ್ಲದ ವೇಳೆಯಲ್ಲಿ ಬೇರೆ ಹುಡುಗರ ಆಟದಲ್ಲಿ ಹರಿದು ಹಾಳಾಯಿತು. ಬರೆದ ಹುಡುಗರು ಮನನೊಂದು, ಕುಳಿತು ಮತ್ತೆ ಬರೆದರು. ಅಳಿದುದಕ್ಕಾಗಿ ಮಗುವು ಮರುಗುವುದು ಅದು ತನ್ನದಾದಾಗ ಮಾತ್ರ. ನಕಲಿನ ಪುಟವು ಅಳಿದುದಕ್ಕಾಗಿ ಯಾವ ಮಗುವೂ ಮರುಗುವುದಿಲ್ಲ.

ಫ್ರಾನ್ಸಿನ ಹಳ್ಳಿಯೊಂದರ ಉಪಾಧ್ಯಾಯನಾಗಿದ್ದ ಸೆಲೆಸ್ಟಿನ್ ಫ್ರೆನೆ ಎಂಬವನು 1924ರಲ್ಲಿ ತನ್ನ ತರಗತಿಗೆ ಒಂದು ಪುಟ್ಟ ಅಚ್ಚುಯಂತ್ರವನ್ನು ತಂದನು. ಮಕ್ಕಳು ತಮ್ಮ ಅನುಭವವನ್ನು ಬರೆಯುವರು. ತರಗತಿಯು ಕೂಡಿ ಅವುಗಳಲ್ಲಿ ಒಂದನ್ನು ಆರಿಸುವುದು. ಮೊಳೆಗಳನ್ನು ಮಕ್ಕಳೇ ಜೋಡಿಸುವರು. ಅಚ್ಚಾದ ಹಾಳೆಗಳು ದೂರದ ಬ್ರಿಟನಿಯ ಶಾಲೆಗೆ ಹೋಗಿ, ಅಲ್ಲಿಯ ಮಕ್ಕಳ ಹಾಳೆಗಳು ಇಲ್ಲಿಗೆ ಬರುವುವು. ಇಲ್ಲಿಯ ಗುಟ್ಟು ಯಂತ್ರದಲ್ಲಿ ಇಲ್ಲ, ವಿನಿಮಯದಲ್ಲಿದೆ. ಉಪಾಧ್ಯಾಯನಿಗಾಗಿ ಬರೆದುದಕ್ಕೆ ತಿದ್ದುಪಡಿಯು ಬರುತ್ತದೆ. ಓದುಗನಿಗಾಗಿ ಬರೆದುದಕ್ಕೆ ಮಾರುತ್ತರವು ಬರುತ್ತದೆ. ತನ್ನ ಬರಹವು ದೂರದ ಮಗುವಿಗೆ ತಿಳಿಯಬೇಕೆಂಬ ಹಂಬಲದಿಂದ ಮಗುವು ಕಾಗುಣಿತವನ್ನು ತಾನಾಗಿಯೇ ಕೇಳಿಕೊಂಡು ಬರುವುದು.

೫

ಈ ವಿಚಾರವು ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಇಂದು ಏಕೆ ಮುಖ್ಯವಾಗಬೇಕು? ಮೈಸೂರು ಜಿಲ್ಲೆಯಿಂದ 1997ರಲ್ಲಿ ಬೇರ್ಪಟ್ಟ ಈ ಜಿಲ್ಲೆಯ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಕ್ಕಳಿರುವರು. ಬಂಡೀಪುರದ ಕಾಡಂಚಿನ ಹಾಡಿಗಳ ಜೇನುಕುರುಬರ ಮಕ್ಕಳಿರುವರು. ಮಲೆಯ ಮಾದೇಶ್ವರ, ಮಂಟೇಸ್ವಾಮಿಗಳ ಕಥೆಗಳನ್ನು ರಾತ್ರಿಯಿಡೀ ಹಾಡುವ ದೇವರಗುಡ್ಡರ, ನೀಲಗಾರರ ಮನೆಗಳ ಮಕ್ಕಳಿರುವರು. ಸೋಲಿಗನುಡಿಯು ಕನ್ನಡಕ್ಕೆ ಬಹಳ ಸಮೀಪದ ನುಡಿಯಾದರೂ ಅದಕ್ಕೆ ಸ್ವಂತ ಲಿಪಿಯಿಲ್ಲ. ಬರೆಯುವುದಾದರೆ ಕನ್ನಡ ಲಿಪಿಯಲ್ಲಿಯೇ ಬರೆಯಬೇಕು. ಬೆಟ್ಟದಲ್ಲಿ ಡಾಕ್ಟರ್ ಎಚ್. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದ ಮೇಲೆ ಸೋಲಿಗರ ಮಕ್ಕಳಿಗೆ ಶಾಲೆಯು ಹತ್ತಿರವಾಯಿತು. ಆದರೆ ಪಠ್ಯಪುಸ್ತಕವು ಎಲ್ಲ ನಾಡಿಗೂ ಒಂದೇ ಆಗಿರಬೇಕಾದುದರಿಂದ, ಕಾಡಿನ ಮಗುವು ತನ್ನ ಮನೆಯ ಮಾತನ್ನೂ ತನ್ನ ಗಿಡಮರಗಳ ಹೆಸರನ್ನೂ ಅದರಲ್ಲಿ ಕಾಣುವುದು ಅಪರೂಪ.

ಇಂತಹ ಮಗುವು ತನ್ನ ಮಾತಿನಲ್ಲಿ ಒಂದು ವಾಕ್ಯವನ್ನು ಬರೆದಾಗ ಅದನ್ನು ತಪ್ಪೆಂದು ಅಳಿಸಿದರೆ, ಅಳಿಯುವುದು ಅಕ್ಷರ ಮಾತ್ರವಲ್ಲ. ಆ ಮಾತು ಬರೆಯತಕ್ಕುದಲ್ಲವೆಂಬ ತೀರ್ಪನ್ನು ಮಗುವು ಮನೆಗೆ ಕೊಂಡೊಯ್ಯುವುದು. ನ್ಯೂಜಿಲೆಂಡಿನಲ್ಲಿ ಮಾವೊರಿ ಮಕ್ಕಳಿಗೆ ಪಾಠಹೇಳಿದ ಸಿಲ್ವಿಯಾ ಆಷ್ಟನ್-ವಾರ್ನರ್ ಎಂಬಾಕೆಯು, ಪ್ರತಿಯೊಂದು ಮಗುವೂ ತಾನೇ ಕೇಳಿದ ಶಬ್ದವನ್ನು ಬರೆದುಕೊಟ್ಟು, ಆ ಶಬ್ದಗಳಿಂದಲೇ ಅದರ ಮೊದಲನೆಯ ಪುಸ್ತಕವನ್ನು ಕಟ್ಟಿದ ರೀತಿಯನ್ನು 1963ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿರುವಳು. ಆ ಮಕ್ಕಳ ಸ್ಥಿತಿಗೂ ಬೆಟ್ಟದ ಮಕ್ಕಳ ಸ್ಥಿತಿಗೂ ಇರುವ ಹೋಲಿಕೆಯು ಅಲ್ಪವಾದುದಲ್ಲ.

ಈ ಸೀಮೆಗೆ ಸಮೀಪದ ಹೆಗ್ಗಡದೇವನಕೋಟೆಯ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾಗಿ, ಮುಂದೆ ರಾಜ್ಯದ ಕೆಳಗಿನ ತರಗತಿಗಳಿಗೆಲ್ಲ ಹರಡಿದ 'ನಲಿ-ಕಲಿ' ಪದ್ಧತಿಯು ಮಗುವಿನ ಕೈಗೆ ಬರಹವನ್ನು ಮರಳಿ ಕೊಟ್ಟಿತು. ಕೊಠಡಿಯ ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಕಪ್ಪುಹಲಗೆಗಳನ್ನು ಮಾಡಿ, ಪ್ರತಿಯೊಬ್ಬರಿಗೂ ತಮ್ಮದೆಂಬ ಒಂದು ಅಂಕಣವನ್ನು ಒದಗಿಸಿತು. ಆದರೆ ಅದೂ ಹಲಗೆ, ಸಂಜೆಗೆ ಅಳಿಯುವಂಥದು. ಹಲಗೆಯಿಂದ ಹೊತ್ತಗೆಗೆ ಇರುವ ದೂರವು ನಾಲ್ಕು ಹಾಳೆ, ಒಂದು ದಾರ, ಒಂದು ಸೂಜಿ.

ಪ್ರಾಜ್ಞರಾದ ಉಪಾಧ್ಯಾಯರು ಇಲ್ಲಿ ಒಂದು ಆಕ್ಷೇಪವನ್ನು ಎತ್ತುವುದುಂಟು. ಮಕ್ಕಳ ಬರಹವು ತಪ್ಪುಗಳಿಂದ ತುಂಬಿರುತ್ತದೆ. ಅದನ್ನು ಪುಸ್ತಕವೆಂದು ಗೌರವಿಸಿದರೆ ತಪ್ಪಿಗೇ ಪ್ರಮಾಣಮುದ್ರೆಯನ್ನು ಒತ್ತಿದ ಹಾಗಾಗುವುದಿಲ್ಲವೇ ಎಂಬುದು. ಈ ಶಂಕೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಗ್ರಂಥಸಂಪಾದನೆಯ ಅನುಭವವುಳ್ಳವರಿಗೆ ಉತ್ತರವೂ ತಿಳಿದೇ ಇದೆ. ಲಿಪಿಕಾರರ ಸ್ಖಾಲಿತ್ಯವಿಲ್ಲದ ಓಲೆಯ ಪ್ರತಿಯು ದೊರೆಯುವುದು ದುರ್ಲಭ. ಅದಕ್ಕಾಗಿ ಯಾವ ವಿದ್ವಾಂಸನೂ ಓಲೆಯನ್ನು ಒಲೆಗೆ ಹಾಕಲಿಲ್ಲ. ಶುದ್ಧಪಾಠವನ್ನು ಮೇಲೆ ನಿಲ್ಲಿಸಿ, ಪಾಠಾಂತರವನ್ನು ಕೆಳಗೆ ಕಾಪಾಡುವುದು ಅವರ ಕ್ರಮ. ಒಳನಾಡಿನ ಉಚ್ಚಾರಣೆಯನ್ನು ತಿಳಿಯಲು ಇಂಥ ಸ್ಖಾಲಿತ್ಯಗಳೇ ಎಷ್ಟೋ ವೇಳೆ ಸಾಧನವಾಗಿವೆ. ಮಗುವಿನ ಕರಡನ್ನು ಹಾಗೆಯೇ ಇಟ್ಟು, ಹಂಚುವ ಪ್ರತಿಯನ್ನು ಮಗುವೊಡನೆ ಕುಳಿತು ತಿದ್ದಿದರೆ, ಶುದ್ಧಿಯೂ ಬರುವುದು, ಮಾತೂ ಉಳಿಯುವುದು. ಹೊನ್ನಮ್ಮನ ಗುರುವೂ ಅವಳ ಸಾಂಗತ್ಯವನ್ನು ತಾನು ಬರೆಯಲಿಲ್ಲ. ಅವಳು ಬರೆಯುವುದಕ್ಕೆ ಬೇಕಾದುದನ್ನು ಕಲಿಸಿದನು.

ಪ್ರೋತ್ಸಾಹವು ಸ್ಪರ್ಧೆಯ ಬಹುಮಾನವಾಗಿ ಮಾರ್ಪಡುವ ಅಪಾಯವನ್ನೂ ಇಲ್ಲಿ ಹೇಳಬೇಕು. ನೂರು ಮಕ್ಕಳಲ್ಲಿ ಒಬ್ಬರ ಪುಸ್ತಕವನ್ನು ಅಚ್ಚುಹಾಕಿಸಿ ಮೆರವಣಿಗೆ ಮಾಡುವುದರಿಂದ ಉಳಿದ ತೊಂಬತ್ತೊಂಬತ್ತು ಮಂದಿಯ ಬರಹವು ಮತ್ತೆ ಹಲಗೆಯ ಪಾಲಾಗುವುದು. ಕೂಲಿಮಠದಲ್ಲಿ ಕಡತವು ಪ್ರತಿಯೊಂದು ಮಗುವಿಗೂ ಒಂದು ಇದ್ದಿತೇ ಹೊರತು ಜಾಣರಿಗೆ ಮಾತ್ರವೆಂದಿರಲಿಲ್ಲ. ಹಳೆಯ ಪದ್ಧತಿಯಿಂದ ಇದನ್ನೂ, ದೊಡ್ಡ ಹುಡುಗರು ಚಿಕ್ಕವರಿಗೆ ಓದಿಹೇಳುವ ಕ್ರಮವನ್ನೂ, ಮಹಾನವಮಿಯಲ್ಲಿ ಕಲಿತುದನ್ನು ಊರ ಮುಂದೆ ಹೇಳುವ ವಾಡಿಕೆಯನ್ನೂ ಉಳಿಸಿಕೊಳ್ಳುವುದು ಯುಕ್ತ, ಬಿಡಬೇಕಾದುದು ಒದ್ದೆಬಟ್ಟೆಯನ್ನು.

ಹೀಗೆ ನೋಡಿದರೆ, ಮಕ್ಕಳು ತಮ್ಮ ಪುಸ್ತಕವನ್ನು ತಾವೇ ಮಾಡಿಕೊಳ್ಳುವ ಕ್ರಮವು ಈ ಸೀಮೆಗೆ ಪರಕೀಯವಲ್ಲ; ಅದು ಇಲ್ಲಿ ಅರ್ಧಕ್ಕೆ ನಿಂತ ಕ್ರಮ. ಶಾಲೆಯೊಂದರ ಕಪಾಟಿನ ಒಂದು ಅಂಕಣವನ್ನು ಆ ಶಾಲೆಯ ಮಕ್ಕಳು ಬರೆದ ಹೊತ್ತಗೆಗಳಿಗಾಗಿ ಬಿಟ್ಟು, ಅವುಗಳನ್ನು ವರ್ಷವರ್ಷವೂ ಹೆಸರು, ತರಗತಿ, ಇಸವಿಗಳೊಡನೆ ಕಾಪಾಡಿ, ಮುಂದಿನ ವರ್ಷದ ಮಕ್ಕಳಿಗೆ ಓದಲು ಕೊಟ್ಟರೆ, ತೆರಕಣಾಂಬಿಯಲ್ಲಿ, ಹಂಗಳದಲ್ಲಿ, ಬೆಟ್ಟದ ಪೋಡುಗಳಲ್ಲಿ ಮಕ್ಕಳು ಏನನ್ನು ಕಂಡರು, ಯಾವ ಮಾತಿನಲ್ಲಿ ಹೇಳಿದರು ಎಂಬುದನ್ನು ಮುಂದಿನ ಚರಿತ್ರಕಾರನು ಊಹಿಸಬೇಕಾಗುವುದಿಲ್ಲ. ಅವನು ಕಪಾಟಿನ ಬಾಗಿಲನ್ನು ತೆರೆದು ಓದಿಕೊಳ್ಳುವನು.